ಮಾಳಿಗೆಯ ಮೇಲಿನ ಮರುಭೂಮಿ

ಬೆಂಗಳೂರಿನ ಲಾಲ್‌ಬಾಗಿಗೆ ಹೋದವರೆಲ್ಲರೂ ಗಾಜಿನ ಮನೆಯೆದುರು ಒಂದು ಗಳಿಗೆ ನಿಲ್ಲುವುದುಂಟು. 1889ರಲ್ಲಿ ಅಸ್ತಿಭಾರ ಕಂಡ ಆ ಭವ್ಯ ಮಂದಿರವನ್ನು ನೋಡಿ ತಣಿದ ಮೇಲೆ, ಪಶ್ಚಿಮದ ಬಾಗಿಲಿನಿಂದ ಹೊರಬಿದ್ದು ಬಸವನಗುಡಿಯತ್ತ ತುಸು ದೂರ ನಡೆದರೆ, ಹಳೆಯ ಮನೆಯೊಂದರ ಮಾಳಿಗೆಯ ಮೇಲೆ ಇನ್ನೊಂದು ಗಾಜಿನ ಮನೆಯಿದೆ. ಹನ್ನೆರಡಡಿ ಉದ್ದ, ಎಂಟಡಿ ಅಗಲ. ನಿಜವಾಗಿ ನೋಡಿದರೆ ಅದರಲ್ಲಿ ಗಾಜೇ ಇಲ್ಲ. ಕಬ್ಬಿಣದ ಚೌಕಟ್ಟಿನ ಮೇಲೆ ಬೆಳಕು ಹಾಯುವ ಪಾಲಿಕಾರ್ಬನೇಟ್ ಹಾಳೆಗಳನ್ನು ಹೊದಿಸಿ, ಪಕ್ಕಗಳಿಗೆ ಬರಿಯ ತಂತಿಬಲೆ ಕಟ್ಟಿದ್ದಾರೆ. ಆದರೂ ಮನೆಯವರ ಬಾಯಲ್ಲಿ ಅದು ಗಾಜಿನ ಮನೆಯೇ.

ಮನೆಯ ಯಜಮಾನರು ನಿವೃತ್ತ ಗಣಿತದ ಮೇಷ್ಟರು. ರಾಯರು ಎಂದರೆ ಬೀದಿಗೆಲ್ಲ ಗುರುತು. ಮೊದಲ ಸಲ ಮೆಟ್ಟಿಲೇರಿದಾಗ ನಾನು ಜಾಣತನ ತೋರಿಸಲು ಹೋಗಿ, “ಕಳ್ಳಿಗಳಿಗೆ ಸೆಕೆ ಬೇಕೆಂದು ಈ ಏರ್ಪಾಡೇ, ರಾಯರೇ?” ಎಂದು ಕೇಳಿದೆ. ಅವರು ನಕ್ಕರು. “ಸೆಕೆಗೆ ಗಾಜು ಬೇಕಾದದ್ದು ಹಿಮ ಬೀಳುವ ಇಂಗ್ಲೆಂಡಿನವರಿಗೆ. ನಮಗೆ ಇದು ಕೊಡೆ, ಅಪ್ಪಾ, ಕೊಡೆ!”

ಲೆಕ್ಕದ ಮೇಷ್ಟರಾದುದರಿಂದ ಅಂಕಿಗಳನ್ನೂ ಕೊಟ್ಟರು. ಅವರ ಮಗಳು ಇರುವುದು ಅಮೆರಿಕದ ಅರಿಜೋನಾದ ಟೂಸಾನ್ ನಗರದಲ್ಲಿ. ಕಳ್ಳಿಗಳ ತವರೆನಿಸಿದ ಸೊನೋರಾ ಮರುಭೂಮಿಯ ನಡುವಿನ ಊರು ಅದು. ಅಲ್ಲಿ ವರ್ಷವಿಡೀ ಬೀಳುವ ಮಳೆ ಸುಮಾರು 300 ಮಿಲಿಮೀಟರ್. ಬೆಂಗಳೂರಿನಲ್ಲಾದರೋ ಸೆಪ್ಟೆಂಬರ್ ಒಂದೇ ತಿಂಗಳು 200 ಮಿಲಿಮೀಟರಿನಷ್ಟು ಸುರಿದುಬಿಡುತ್ತದೆ. ಬಿಸಿಲಿಗೆ ಹೆದರದ ಗಿಡ ಮಳೆಗೆ ಹೆದರುತ್ತದೆಂಬುದು ನನಗೆ ಅಂದು ಹೊಸ ಮಾತು.

ಒಳಗೆ ಹೆಜ್ಜೆಯಿಟ್ಟರೆ ಮೈಯೆಲ್ಲ ಎಚ್ಚರ! ಮೂರು ಸಾಲು ಹಲಗೆಗಳ ಮೇಲೆ ಮುನ್ನೂರಕ್ಕೂ ಮಿಕ್ಕಿದ ಕುಂಡಗಳು. ತಲೆಯ ಸುತ್ತ ಗುಲಾಬಿ ಹೂವಿನ ದಂಡೆ ಮುಡಿದ ಮ್ಯಾಮಿಲೇರಿಯಾಗಳು. ನೆಲದ ಕಲ್ಲಿನಂತೆ ಬಿದ್ದುಕೊಂಡು ನೋಡುವವರನ್ನು ಏಮಾರಿಸುವ, ದಕ್ಷಿಣ ಆಫ್ರಿಕದ ಲಿಥಾಪ್ಸ್. ನಮ್ಮ ಹೊಲದ ಬೇಲಿಯ ಚದುರಗಳ್ಳಿ. ಈ ಕೊನೆಯದು ಹೆಸರಿಗೆ ಕಳ್ಳಿಯಾದರೂ ಕ್ಯಾಕ್ಟಸ್ ಕುಲದ್ದಲ್ಲ. ಗೀರಿದರೆ ಹಾಲು ಸುರಿಸುವ ಬೇರೆಯೇ ವಂಶ. ಇದಕ್ಕೆ ಪ್ರತಿಯಾಗಿ, ನಮ್ಮವರು ಬ್ರಹ್ಮಕಮಲವೆಂದು ಭಕ್ತಿಯಿಂದ ಬೆಳೆಸಿ, ಅರಳುವ ರಾತ್ರಿ ನೆರೆಹೊರೆಯವರನ್ನೆಲ್ಲ ಕರೆದು ತೋರಿಸುವ ಗಿಡವಿದೆಯಲ್ಲ, ಅದು ಅಪ್ಪಟ ಕ್ಯಾಕ್ಟಸ್. ಹಿಮಾಲಯದ ಬ್ರಹ್ಮಕಮಲಕ್ಕೂ ಇದಕ್ಕೂ ನಂಟಿಲ್ಲ. ನಮ್ಮ ತಾಯಿಗೆ ಇದನ್ನು ಹೇಳುವ ಧೈರ್ಯ ನನಗೆ ಇನ್ನೂ ಬಂದಿಲ್ಲ.

ಬಾಗಿಲ ಬಳಿ ಕಾಡುಬಸಳೆಯ ಕುಂಡವೊಂದಿತ್ತು. ಬೆಳಗಿನ ಏಳು ಗಂಟೆಗೆ ರಾಯರು ಅದರ ಎಲೆಯ ಚೂರೊಂದನ್ನು ನನ್ನ ನಾಲಗೆಗೆ ಮುಟ್ಟಿಸಿದರು, ಹುಣಸೆಯಂಥ ಹುಳಿ. ಮಧ್ಯಾಹ್ನ ಇನ್ನೊಂದು ಚೂರು, ಸಪ್ಪೆ. ನೀರು ಕಳೆದುಕೊಳ್ಳಲೊಲ್ಲದ ಇಂಥ ಗಿಡಗಳು ಹಗಲಲ್ಲಿ ಉಸಿರುಗಂಡಿಗಳನ್ನು ಮುಚ್ಚಿ, ರಾತ್ರಿ ತೆರೆದು, ಒಳಗೆಳೆದ ಗಾಳಿಯನ್ನು ಹುಳಿಯಾಗಿಸಿ ಬೆಳಗಿನವರೆಗೆ ಕೂಡಿಡುತ್ತವೆ. ಎಲೆಯ ಈ ರುಚಿಭೇದವನ್ನು ಲಂಡನ್ನಿನ ವಿದ್ವಾಂಸರಿಗೆ 1813ರ ಪತ್ರವೊಂದರಲ್ಲಿ ತಿಳಿಸಿದವನು ಬೆಂಜಮಿನ್ ಹೈನೆ. 19ನೆಯ ಶತಮಾನದ ಮೊದಲಲ್ಲಿ ಇದೇ ಲಾಲ್‌ಬಾಗಿನ ಉಸ್ತುವಾರಿ ಹೊತ್ತಿದ್ದ ಸಸ್ಯಶಾಸ್ತ್ರಜ್ಞ ಆತ. ಆ ಹಳೆಯ ತೋಟದ ನೆರೆಯಲ್ಲಿ ನಿಂತು ಅದೇ ಎಲೆಯನ್ನು ಅಗಿದಾಗ ನನಗಾದ ಸಂತೋಷವನ್ನು ಹೇಗೆ ಹೇಳಲಿ!

ಆದರೆ ಆ ಮನೆಯ ಪಟ್ಟದಾನೆಯೇ ಬೇರೆ. ಮೂಲೆಯಲ್ಲಿ, ಒಂದೂವರೆ ಅಡಿ ಅಡ್ಡಳತೆಯ, ಹೊಂಬಣ್ಣದ ಮುಳ್ಳು ಹೊದ್ದ ಗುಂಡುಕಳ್ಳಿ. ಗೋಲ್ಡನ್ ಬ್ಯಾರೆಲ್ ಎಂದು ಅಂಗಡಿಗಳ ಹೆಸರು. ಪಾಶ್ಚಾತ್ಯರಲ್ಲಿ ಇದಕ್ಕೆ ‘ಅತ್ತೆ ಕೂರುವ ಪೀಠ’ವೆಂಬ ಪರಿಹಾಸದ ಹೆಸರೂ ಉಂಟು, ಅತ್ತೆ ಸೊಸೆಯರ ಪ್ರೀತಿ ಎಲ್ಲ ದೇಶಗಳಲ್ಲಿಯೂ ಒಂದೇ ಎಂದು ಕಾಣುತ್ತದೆ. ಮಗಳು ಹುಟ್ಟಿದ 1984ರಲ್ಲಿ ರಾಯರು ಅದನ್ನು ಬೀಜದಿಂದ ಎಬ್ಬಿಸಿದ್ದರು. ಇಪ್ಪತ್ತು ವರ್ಷ ದಾಟಿದ ಮೇಲೆ ಅದರ ನೆತ್ತಿಯಲ್ಲಿ ಮೊದಲ ಹಳದಿ ಹೂ ಬಿಟ್ಟಿತಂತೆ.

2019ರ ಆಗಸ್ಟ್‌ನಲ್ಲಿ ಅವರು ಮಗಳ ಮನೆಗೆ ಹೊರಟಾಗ ಗಾಜಿನ ಮನೆಯ ಕೀಲಿ ನನ್ನ ಕೈಗೆ ಬಂತು. ಜೊತೆಗೆ ಒಂದು ಚೀಟಿ: ಕುಂಡದ ತಳದವರೆಗೆ ಪೊರಕೆಕಡ್ಡಿ ಚುಚ್ಚಿ ತೆಗೆ, ಮಣ್ಣು ಅಂಟಿದರೆ ನೀರು ಬೇಡ, ಒಣಗಿ ಬಂದರೂ ಇನ್ನೊಂದು ವಾರ ತಡೆ. ಕೆಮ್ಮಣ್ಣಿಗೆ ದಪ್ಪ ಮರಳು, ಇಟ್ಟಿಗೆ ಚೂರು, ಇದ್ದಿಲು ಬೆರೆಸಿ, ಹಾಕಿದ ನೀರೆಲ್ಲ ಬಸಿದುಹೋಗುವಂತೆ ಅವರು ಹದಮಾಡಿದ್ದರು. ಆದರೂ ಅಷ್ಟು ಕಟ್ಟುನಿಟ್ಟು ಏಕೋ! ನಾನು ಎರಡು ವಾರ ಚೀಟಿಯನ್ನು ಪಾಲಿಸಿದೆ. ಆಮೇಲೆ ಕನಿಕರ ಹುಟ್ಟಿತು. ಹೊರಗೆ ಗಿಡಮರಗಳೆಲ್ಲ ಮಳೆಯಲ್ಲಿ ಮಿಂದು ನಲಿಯುವಾಗ, ಈ ಪಾಪದವು ಮಾತ್ರ ಬಾಯಾರಿ ನಿಂತಿವೆಯಲ್ಲ ಎಂದು ಮೂರು ದಿನಕ್ಕೊಮ್ಮೆ ಝಾರಿ ಹಿಡಿದೆ. ಗಾಳಿಯಲ್ಲೇ ತೇವ ತುಂಬಿದ ಆ ದಿನಗಳಲ್ಲಿ ಕುಂಡದ ಮಣ್ಣು ಒಣಗುವುದೆಂತು?

ಕಳ್ಳಿ ತನ್ನ ರೋಗವನ್ನು ಬೇಗ ಹೇಳಿಕೊಳ್ಳುವುದಿಲ್ಲ. ಸೆಪ್ಟೆಂಬರ್ ಕಳೆಯುವವರೆಗೂ ಮುಳ್ಳುಗಳು ಹೊಳೆಯುತ್ತಲೇ ಇದ್ದವು. ಒಂದು ಬೆಳಗ್ಗೆ ಅದು ಗೋಡೆಯತ್ತ ಕೊಂಚ ವಾಲಿರುವಂತೆ ಕಂಡಿತು. ಬುಡವನ್ನು ಬೆರಳಿನಿಂದ ಒತ್ತಿದೆ. ಬೆರಳು ಒಳಗೇ ಹೋಯಿತು. ಕೊಳೆತ ಕುಂಬಳದ ವಾಸನೆ.

ರಾಯರು ಊರಿಗೆ ಬಂದ ದಿನ ನಾನು ತಲೆತಗ್ಗಿಸಿ ನಿಂತೆ. ಅವರು ಮಾತಾಡದೆ ಗೋಣಿಚೀಲ ಸುತ್ತಿ ಅದನ್ನು ಕುಂಡದಿಂದೆತ್ತಿ, ಚಾಕು ತೊಳೆದು ಅಡ್ಡಲಾಗಿ ಕೊಯ್ದರು. ಒಳಗೆ ಎಲ್ಲಿಯಾದರೂ ಹಸುರು ಉಳಿದಿದ್ದರೆ ಆ ತುಂಡನ್ನು ಒಣಗಿಸಿ ಮತ್ತೆ ಬೇರು ಬಿಡಿಸಬಹುದು. ಬಿಲ್ಲೆ ಬಿಲ್ಲೆಯಾಗಿ ನೆತ್ತಿಯವರೆಗೂ ಕೊಯ್ದು ನೋಡಿದರು. ಎಲ್ಲವೂ ಕಂದು.

ಬಹಳ ಹೊತ್ತಿನ ಮೇಲೆ ಹೇಳಿದರು: “ಮೆಕ್ಸಿಕೋದಲ್ಲಿ ಈ ಜಾತಿಯ ತವರೊಂದು ಕಣಿವೆ. 1990ರ ದಶಕದಲ್ಲಿ ಸಿಮಾಪಾನ್ ಎಂಬಲ್ಲಿ ಅಣೆಕಟ್ಟು ಕಟ್ಟಿದರು. ಎಷ್ಟೋ ಗಿಡಗಳು ಮುಳುಗಿಹೋದವು. ಅಲ್ಲಿಯೂ ನೀರೇ.” ಜಗತ್ತಿನ ಹೂದೋಟಗಳಲ್ಲೆಲ್ಲ ಸಿಕ್ಕುವ ಈ ಗಿಡ, ಕಾಡಿನಲ್ಲಿ ಅಳಿವಿನ ಅಂಚಿಗೆ ಬಂದಿರುವುದನ್ನು ನಾನು ಅರಿತದ್ದು ಆಗ. ನನ್ನನ್ನು ಬಯ್ದಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ಮರುವಾರ ಅವರು ಅಗಲವಾದ ತಟ್ಟೆಯಲ್ಲಿ ಮರಳು ಹರಡಿ ಅದೇ ಜಾತಿಯ ಬೀಜ ಚೆಲ್ಲಿದರು. ಎರಡು ವಾರಕ್ಕೆ ಸಾಸಿವೆಗಾತ್ರದ ಹಸುರು ಮಣಿಗಳೆದ್ದವು. ರಾಯರಿಗೆ ಆಗ ಎಪ್ಪತ್ತೆಂಟು. ಇವು ಹೂ ಬಿಡುವುದು ಯಾವಾಗ ಎಂಬ ಲೆಕ್ಕವನ್ನು ಗಣಿತದ ಮೇಷ್ಟರೂ ಮಾಡಲಿಲ್ಲ, ನಾನೂ ಕೇಳಲಿಲ್ಲ.

ಮುಂದೊಮ್ಮೆ ಮಗಳ ಮನೆಗೆ ಹೊರಟಾಗ ಕೀಲಿಯನ್ನು ನನಗೇ ಕೊಟ್ಟರು. ಚೀಟಿ ಇರಲಿಲ್ಲ. ಮೇಲೆ ಹೋಗಿ ನೋಡಿದೆ. ಪೊರಕೆಕಡ್ಡಿಯಿತ್ತು, ಝಾರಿ ಇರಲಿಲ್ಲ. ಅದನ್ನು ಅಡುಗೆಮನೆಯ ಅಟ್ಟದ ಮೇಲಿಟ್ಟು ಹೋಗಿದ್ದರು.