ಫೋನು ಹೇಳಿದ ತೀರ್ಪನ್ನು ನಂಬಿ ಸಹಿ ಹಾಕಬೇಡಿ

ಕಳೆದ ವರ್ಷ ನಮ್ಮ ಚಿಕ್ಕಮ್ಮ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಲು ಹೊರಟಿದ್ದರು. ಅದಕ್ಕೆ ಅರ್ಧ ಕಾರಣ ನಾನೇ.

ಅವರ ತವರು ಕೆ.ಆರ್. ಪುರಂ ಕಡೆ. ಅಲ್ಲಿ ಪಿತ್ರಾರ್ಜಿತ ಜಮೀನು ಸ್ವಲ್ಪ ಉಳಿದಿದೆ. ಅವರ ಅಪ್ಪ ತೀರಿಕೊಂಡಿದ್ದು 1999ರಲ್ಲಿ. "ಅಪ್ಪ 2005ಕ್ಕೆ ಮುಂಚೆಯೇ ಹೋದರು, ನಿನಗೆ ಭಾಗ ಬರಲ್ಲ" ಅಂತ ಅಣ್ಣಂದಿರು ಹೇಳಿದ್ದರು. "ನೀನು ಪೇಪರಿನವನು, ನೋಡಿ ಹೇಳಪ್ಪ" ಎಂದರು ಚಿಕ್ಕಮ್ಮ.

ಫೋನಿನಲ್ಲಿದ್ದ ಎಐ ಆ್ಯಪ್‌ಗೆ ಕನ್ನಡದಲ್ಲೇ ಕೇಳಿದೆ. ಅಣ್ಣಂದಿರು ಹೇಳಿದ್ದೇ ಸರಿ ಎಂದಿತು. ಸಾಕ್ಷಿಗೆ ಸುಪ್ರೀಂ ಕೋರ್ಟಿನ ಎರಡು ತೀರ್ಪುಗಳ ಹೆಸರು, ವರ್ಷ ಬೇರೆ. ಓದಿ ಹೇಳಿದೆ. ಚಿಕ್ಕಮ್ಮ ಏನೂ ಮಾತಾಡದೆ ಒಳಗೆ ಹೋದರು.

ನನಗೆ ಮನಸ್ಸು ತಡೆಯಲಿಲ್ಲ. ಸಹಿಗೆ ಎರಡು ದಿನ ಇರುವಾಗ ಅವರನ್ನು ಕರೆದುಕೊಂಡು ಪರಿಚಯದ ವಕೀಲರನ್ನು ಕಾಣಲು ಹೊರಟೆ. ಕೆ.ಆರ್. ಪುರಂನಲ್ಲಿ ಮೆಟ್ರೊ ಹತ್ತಿ, ಇಂದಿರಾನಗರ, ಹಲಸೂರು ದಾಟಿ, ಎಂ.ಜಿ. ರೋಡಿನಲ್ಲಿ ಇಳಿದು ಮೇಯೋ ಹಾಲ್ ಕೋರ್ಟಿಗೆ ನಡೆದೆವು.

ವಕೀಲರು ಎರಡೂ ತೀರ್ಪುಗಳನ್ನು ಹುಡುಕಿದರು. ಮೊದಲನೆಯದು 2015ರ ಪ್ರಕಾಶ್ ಮತ್ತು ಫೂಲವತಿ ಪ್ರಕರಣ, ನಮ್ಮ ಕರ್ನಾಟಕದಿಂದಲೇ ಹೋದದ್ದು. 2005ರ ಸೆಪ್ಟೆಂಬರ್ 9ರಂದು ಅಪ್ಪ ಬದುಕಿರಬೇಕು ಎಂದು ಅದು ಹೇಳಿದ್ದು ನಿಜ. ಆದರೆ 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟೇ ಆ ಮಾತನ್ನು ತಳ್ಳಿಹಾಕಿದೆ. ಮಗಳ ಹಕ್ಕು ಹುಟ್ಟಿನಿಂದ ಬರುತ್ತದೆ, ಅಪ್ಪ ಬದುಕಿರಲೇಬೇಕೆಂದಿಲ್ಲ. "2004ರ ಡಿಸೆಂಬರ್ 20ಕ್ಕೆ ಮುಂಚೆ ರಿಜಿಸ್ಟರ್ ವಿಭಾಗ, ಇಲ್ಲ ಕೋರ್ಟ್ ಡಿಕ್ರಿ ಏನಾದರೂ ಆಗಿದೆಯಾ?" ಎಂದು ಕೇಳಿದರು. ಆಗಿರಲಿಲ್ಲ.

ಎರಡನೇ ತೀರ್ಪು ಎಲ್ಲೂ ಸಿಗಲಿಲ್ಲ. ಅಂಥ ಪ್ರಕರಣವೇ ಇರಲಿಲ್ಲ.

ಈ ಎಐ ಒಂದು ಪದದ ಮುಂದೆ ಯಾವ ಪದ ಬರಬಹುದು ಎಂದು ಅಂದಾಜು ಮಾಡುತ್ತಾ ವಾಕ್ಯ ಕಟ್ಟುತ್ತದೆ. ಸಾವಿರಾರು ತೀರ್ಪು ಓದಿರುವುದರಿಂದ ತೀರ್ಪಿನಂತೆಯೇ ಕಾಣುವ ಹೆಸರನ್ನೂ ಹೆಣೆಯಬಲ್ಲದು. ಬಿದ್ದುಹೋದ ತೀರ್ಪನ್ನು ನಿಂತಿರುವ ತೀರ್ಪಿನಷ್ಟೇ ಧೈರ್ಯವಾಗಿ ಹೇಳುತ್ತದೆ.

ನಾನೊಬ್ಬನೇ ಮೋಸಹೋದದ್ದಲ್ಲ. 2023ರಲ್ಲಿ ನ್ಯೂಯಾರ್ಕಿನ ವಕೀಲರು ಚಾಟ್‌ಜಿಪಿಟಿ ಹೆಣೆದ ಪ್ರಕರಣಗಳನ್ನು ಕೋರ್ಟಿಗೆ ಕೊಟ್ಟು 5,000 ಡಾಲರ್ ದಂಡ ತೆತ್ತರು. ಬೆಂಗಳೂರಿನ ಸಿಟಿ ಸಿವಿಲ್ ಕೋರ್ಟಿನ ಒಂದು ಆದೇಶದಲ್ಲೇ ಅಸ್ತಿತ್ವದಲ್ಲಿಲ್ಲದ ತೀರ್ಪುಗಳ ಉಲ್ಲೇಖವಿರುವುದನ್ನು 2025ರ ಮಾರ್ಚ್‌ನಲ್ಲಿ ಕರ್ನಾಟಕ ಹೈಕೋರ್ಟ್ ಗಮನಿಸಿ, ಅದರ ಬಗ್ಗೆ ಮುಂದಿನ ಕ್ರಮಕ್ಕೆ ಸೂಚಿಸಿತು.

ಹಾಗಂತ ಎಐ ಬೇಡವೇ ಬೇಡ ಎನ್ನುವುದಿಲ್ಲ. ಮೊದಲು ಹುಡುಕಬೇಕೆಂದರೆ ಕಾನೂನಿನ ಪದವೇ ಗೊತ್ತಿರಬೇಕಿತ್ತು. ಈಗ "ಅಪ್ಪನ ಜಮೀನಲ್ಲಿ ಮಗಳಿಗೆ ಭಾಗ" ಎಂದರೂ ದಾರಿ ತೋರಿಸುತ್ತದೆ. ಆ ದಾರಿ ಸರಿಯೇ ಎಂದು ನಾವು ನೋಡಬೇಕು. ತೀರ್ಪಿನ ಹೆಸರು ಕೊಟ್ಟರೆ ಸುಪ್ರೀಂ ಕೋರ್ಟಿನ ಇ-ಎಸ್‌ಸಿಆರ್ ತಾಣದಲ್ಲಿ ಹುಡುಕಿ, ಪುಕ್ಕಟೆ. ಸಿಕ್ಕರೆ, ಮುಂದೆ ಅದನ್ನು ಯಾವುದಾದರೂ ತೀರ್ಪು ತಳ್ಳಿಹಾಕಿದೆಯೇ ಎಂದು ವಕೀಲರನ್ನು ಕೇಳಿ. ವಕೀಲರಿಗೆ ದುಡ್ಡಿಲ್ಲದಿದ್ದರೆ 15100ಕ್ಕೆ ಕರೆ ಮಾಡಿ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಪಡೆಯುವ ಹಕ್ಕಿದೆ.

ಚಿಕ್ಕಮ್ಮ ಸಹಿ ಹಾಕಲಿಲ್ಲ. ವಿಭಾಗದ ದಾವೆ ನಡೆಯುತ್ತಿದೆ, ಗೆಲ್ಲುತ್ತಾರೋ ಸೋಲುತ್ತಾರೋ ಕೋರ್ಟು ಹೇಳಬೇಕು. ಮುಂದಿನ ತಾರೀಖನ್ನು ಈಗ ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಅವರೇ ನೋಡಿಕೊಳ್ಳುತ್ತಾರೆ. ನಾನು ಏನಾದರೂ ಹೇಳಿದರೆ ಮಾತ್ರ, "ಅದು ಫೋನು ಹೇಳಿದ್ದಾ, ನೀನು ನೋಡಿದ್ದಾ?" ಅಂತ ಕೇಳುತ್ತಾರೆ.