ತಳಕಿಗೊಂದು ಟಿಕೆಟ್

2023ರ ಫೆಬ್ರವರಿಯ ಒಂದು ಶುಕ್ರವಾರ ಮೊಳಕಾಲ್ಮೂರಿನಲ್ಲಿ ನನ್ನ ಮಾಮು ತೀರಿಕೊಂಡರು. ಬೆಳಿಗ್ಗೆಯೇ ಫೋನು ಬಂತು. ಅಸರ್ ನಮಾಜಿನ ನಂತರ ದಫನ್ ಎಂದರು. ಚಳ್ಳಕೆರೆಯಿಂದ ಮೊಳಕಾಲ್ಮೂರಿಗೆ ಹೆಚ್ಚೆಂದರೆ ಐವತ್ತು ಕಿಲೋಮೀಟರ್ ಚಿಲ್ಲರೆ. ನಡುವೆ ಘಾಟಿಯಿಲ್ಲ. ಹಾಗಿದ್ದರೂ ನಾನು ಬಸ್ ಸ್ಟ್ಯಾಂಡಿನಲ್ಲಿ ಎರಡು ಗಂಟೆ ನಿಂತು, ಮೂರು ಬಸ್ಸುಗಳನ್ನು ಬಿಟ್ಟು, ಮನೆಗೆ ವಾಪಸು ಬಂದು ಹೊದ್ದು ಮಲಗಿದೆ. ಹೆಂಡತಿ ಮಕ್ಕಳನ್ನು ಕರೆದುಕೊಂಡು ಹೋದಳು. ಕೇಳಿದವರಿಗೆ ನನಗೆ ಜ್ವರ ಎಂದು ಹೇಳು ಎಂದಿದ್ದೆ. ಅವಳು ಹಾಗೇ ಹೇಳಿದಳು.

ಈ ಮಾಮು ಬೇರೆ ಯಾರೋ ಅಲ್ಲ. ಅಬ್ಬಾ ಬೇಗ ಹೋದ ಮೇಲೆ ನನ್ನನ್ನು ಬೆಳೆಸಿದವರು. ರೇಷ್ಮೆ ನೂಲಿಗೆ ಬಣ್ಣ ಹಾಕುವುದು ಅವರ ಕಸುಬು. ಉಂಗುರದ ಬೆರಳಿನ ಉಗುರಿನಲ್ಲಿ ಸದಾ ಒಂದು ಬಣ್ಣ ಉಳಿದಿರುತ್ತಿತ್ತು, ಈದ್ ದಿನವೂ. ಏಳನೆಯ ತರಗತಿಯವರೆಗೆ ಉರ್ದು ಶಾಲೆಯಲ್ಲಿ ಓದಿದ ನನ್ನನ್ನು ಕನ್ನಡ ಹೈಸ್ಕೂಲಿಗೆ ಸೇರಿಸಿದವರೂ ಅವರೇ. ನಾನು ಕನ್ನಡದಲ್ಲಿ ಕಥೆ ಬರೆಯುತ್ತೇನೆಂದರೆ ಅದರಲ್ಲಿ ಅವರ ಪಾಲು ದೊಡ್ಡದು. ಅಂಥವರ ಜನಾಜಕ್ಕೆ ಹೆಗಲು ಕೊಡಲು ನಾನು ಹೋಗಲಿಲ್ಲ. ಕಾರಣ ಇಷ್ಟೇ: ಬಸ್ಸು ಹತ್ತಲು ಹೆದರಿಕೆ.

ಇದು ಶುರುವಾದದ್ದು 2021ರ ಡಿಸೆಂಬರಿನಲ್ಲಿ. ಮೊಳಕಾಲ್ಮೂರಿಗೇ ಹೊರಟಿದ್ದೆ. ಬಸ್ಸು ತಳಕು ದಾಟಿತ್ತು. ಇದ್ದಕ್ಕಿದ್ದಂತೆ ಎದೆ ಹೊಡೆದುಕೊಳ್ಳತೊಡಗಿತು, ಎಡಗೈ ಜೋಮು ಹಿಡಿಯಿತು, ಬಾಯಿ ಒಣಗಿ ಕಿವಿಯಲ್ಲಿ ಗುಂಯ್ ಎಂದಿತು. ಕಲಿಮಾ ಓದಿಕೊಂಡೆ. ಸಾಯುತ್ತೇನೆಂದು ಖಚಿತವಾಗಿತ್ತು. ಬಿ.ಜಿ.ಕೆರೆಯಲ್ಲಿ ಇಳಿದು ಒಂದು ಚಹಾದಂಗಡಿಯ ಬೆಂಚಿನ ಮೇಲೆ ಮಲಗಿದೆ. ಕಾಲು ಗಂಟೆಯಲ್ಲಿ ಎಲ್ಲ ಸರಿಯಾಯಿತು. ಅಂಗಡಿಯವನು ‘ಗ್ಯಾಸು ಸಾಬ್ರೇ’ ಎಂದ.

ಆಮೇಲಿನದು ಅನೇಕರಿಗೆ ಗೊತ್ತಿರುವ ಕಥೆ. ಮೂರು ಸಲ ಇಸಿಜಿ, ಒಂದು ಸಲ ಎಕೋ. ಎದೆಯಲ್ಲಿ ಏನೂ ಇಲ್ಲ ಎಂದರು. ಒಬ್ಬ ಡಾಕ್ಟರು ‘ಟೆನ್ಷನ್ ಮಾಡ್ಕೋಬೇಡಿ’ ಎಂದು ಒಂದು ಸಣ್ಣ ಮಾತ್ರೆ ಬರೆದುಕೊಟ್ಟರು. ನುಂಗಿದ ಅರ್ಧ ಗಂಟೆಗೆ ಹಿತವಾಗುತ್ತಿತ್ತು. ಎಷ್ಟು ದಿನ ಎಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಎಂಟು ತಿಂಗಳು ನುಂಗಿದೆ. ಆ ಬಗೆಯ ಮಾತ್ರೆ ಅಭ್ಯಾಸವಾಗಿಬಿಡುತ್ತದೆ, ಥಟ್ಟನೆ ಬಿಟ್ಟರೆ ಹೆದರಿಕೆ ಇಮ್ಮಡಿಯಾಗಬಹುದು, ಹಾಗಾಗಿ ವೈದ್ಯರ ಲೆಕ್ಕದಲ್ಲಿ ಸ್ವಲ್ಪ ಸ್ವಲ್ಪವಾಗಿ ಇಳಿಸಬೇಕು ಎಂಬುದು ತಿಳಿದದ್ದು ಬಹಳ ತಡವಾಗಿ. ನಡುವೆ ಒಬ್ಬ ಆಮಿಲರ ಹತ್ತಿರವೂ ಹೋದೆ. ಅವರು ತಾವೀಜು ಕೊಟ್ಟರು, ಯಾರೋ ಕಣ್ಣು ಹಾಕಿದ್ದಾರೆ ಎಂದರು. ಅವರನ್ನು ಹಂಗಿಸುವ ಮನಸ್ಸು ನನಗಿಲ್ಲ. ಅಷ್ಟು ಹೊತ್ತು ನನ್ನ ಮಾತನ್ನು ಗಡಿಬಿಡಿಯಿಲ್ಲದೆ ಕೇಳಿದವರು ಅಲ್ಲಿಯವರೆಗೆ ಅವರೊಬ್ಬರೇ.

ನೋವು ಕೊಟ್ಟದ್ದು ಬೇರೆ ಮಾತು. ‘ಇಮಾನ್ ಕಮ್ಜೋರ್ ಆಗಿದೆ, ನಮಾಜು ಸರಿಯಾಗಿ ಮಾಡು’ ಎಂದು ಹತ್ತಿರದ ನೆಂಟರೊಬ್ಬರು ಹೇಳಿದರು. ಮಗನನ್ನು ನೆನೆದು ಅತ್ತು ಅತ್ತು ಯಾಕೂಬ್ ಪ್ರವಾದಿಗಳ ಕಣ್ಣು ಬೆಳ್ಳಗಾದ ಸಂಗತಿ ಕುರ್‌ಆನಿನಲ್ಲೇ ಇದೆ. ಖದೀಜಾ ಮತ್ತು ಅಬೂತಾಲಿಬ್ ತೀರಿಕೊಂಡ ವರ್ಷವನ್ನು ನಮ್ಮ ಚರಿತ್ರೆ ‘ದುಃಖದ ವರ್ಷ’ವೆಂದೇ ಕರೆಯುತ್ತದೆ. ಯಾರೂ ಅವರ ಇಮಾನನ್ನು ತೂಕಕ್ಕೆ ಹಾಕಲಿಲ್ಲ. ಆದರೆ ಈ ಉತ್ತರ ನನಗೆ ಆ ಹೊತ್ತಿಗೆ ಹೊಳೆಯಲಿಲ್ಲ. ತಲೆ ತಗ್ಗಿಸಿ ಕೂತಿದ್ದೆ.

ದಫನ್ ಆದ ರಾತ್ರಿ ಮುಮಾನಿ ಫೋನು ಮಾಡಿ ‘ಜ್ವರ ಬಿಟ್ಟಿತೇನಪ್ಪಾ’ ಎಂದು ಕೇಳಿದರು. ಗಂಡ ಹೋದ ದಿನ ನನ್ನ ಜ್ವರ ವಿಚಾರಿಸಿದರು. ಮರುದಿನ ಬೆಳಿಗ್ಗೆ ನಾನು ತಾಲ್ಲೂಕು ಆಸ್ಪತ್ರೆಗೆ ಹೋಗಿ, ಮನಸ್ಸಿನ ಡಾಕ್ಟರು ಯಾವತ್ತು ಬರುತ್ತಾರೆ ಎಂದು ವಿಚಾರಿಸಿದೆ. ಮೆಲ್ಲಗೆ ಕೇಳಿದೆ. ಚೀಟಿ ಬರೆಯುವವರು ಎಲ್ಲರಿಗೂ ಕೇಳಿಸುವಂತೆ ಉತ್ತರ ಕೊಟ್ಟರು.

ಇಲ್ಲೊಂದು ಮಾತು ಹೇಳಬೇಕು. ನಮ್ಮ ಭಾಗದವರು ‘ಇದೆಲ್ಲ ಬೆಂಗಳೂರಿನವರ ಕಾಯಿಲೆ’ ಎನ್ನುತ್ತಾರೆ. ಮನೋವೈದ್ಯವನ್ನು ಹಳ್ಳಿಗೆ ಒಯ್ಯುವ ದೊಡ್ಡ ಪ್ರಯೋಗ ನಡೆದದ್ದು ನಮ್ಮ ಪಕ್ಕದಲ್ಲೇ. 1985ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯನ್ನು ಆರಿಸಿಕೊಂಡು, ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಮಾತ್ರೆಗಳು ಅಲ್ಲೇ ಸಿಗುವಂತೆ ಮಾಡಿತು. ಅದೇ ಮಾದರಿಯ ಮೇಲೆ 1996ರಲ್ಲಿ ಕೇಂದ್ರ ಸರ್ಕಾರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ಮೊಳಕಾಲ್ಮೂರು ತಾಲ್ಲೂಕಿಗೆ ಬಳ್ಳಾರಿ ಸೀಮೆ ದೂರವಲ್ಲ. ಇಷ್ಟು ಹತ್ತಿರದಲ್ಲಿ ನಡೆದದ್ದರ ಸದ್ದು ನನ್ನ ಕಿವಿಗೆ ಬೀಳಲು ನನಗೇ ಕಾಯಿಲೆ ಬರಬೇಕಾಯಿತು. ಆದರೆ ಮಾತ್ರೆ ಹಳ್ಳಿಯವರೆಗೆ ಬಂದಷ್ಟು ಸಲೀಸಾಗಿ, ಎದುರು ಕೂತು ವಾರವಾರ ಮಾತಾಡಿಸುವ ಚಿಕಿತ್ಸೆ ಬರಲಿಲ್ಲ. 2015–16ರಲ್ಲಿ ಅದೇ ನಿಮ್ಹಾನ್ಸ್ 12 ರಾಜ್ಯಗಳಲ್ಲಿ ನಡೆಸಿದ ಸಮೀಕ್ಷೆಯ ಪ್ರಕಾರ ಆತಂಕ, ಖಿನ್ನತೆಯಂಥ ಸಾಮಾನ್ಯ ತೊಂದರೆ ಇರುವ 100 ಜನರಲ್ಲಿ ಸುಮಾರು 85 ಜನ ಚಿಕಿತ್ಸೆಯಿಲ್ಲದೆ ಉಳಿದಿದ್ದರು. ಆ ಎಂಬತ್ತೈದರಲ್ಲಿ ನನ್ನಂತೆ ‘ಜ್ವರ’ ಬಂದು ಮಲಗಿದವರು ಎಷ್ಟಿದ್ದರೋ.

ಮನೋವೈದ್ಯರು ಹತ್ತು ನಿಮಿಷ ಮಾತಾಡಿ, ಹಳೆಯ ಮಾತ್ರೆಯನ್ನು ಮೆಲ್ಲಗೆ ಇಳಿಸುವ ದಾರಿ ಬರೆದುಕೊಟ್ಟು, ಬೇರೊಂದು ಮಾತ್ರೆ ಶುರುಮಾಡಿದರು. ‘ಇದು ಕೆಲಸ ಮಾಡೋಕೆ ಮೂರ್ನಾಲ್ಕು ವಾರ ಬೇಕು. ಮೊದಲ ವಾರ ಹೊಟ್ಟೆ ತೊಳಸಬಹುದು, ಬಿಡಬೇಡಿ’ ಎಂದರು. ಆಮೇಲೆ ಚಿತ್ರದುರ್ಗದ ಒಬ್ಬ ಮನಶ್ಶಾಸ್ತ್ರಜ್ಞೆಯ ಹತ್ತಿರ ಕಳಿಸಿದರು. ಇವರಿಬ್ಬರ ವ್ಯತ್ಯಾಸ ನನಗೆ ಗೊತ್ತಿರಲಿಲ್ಲ. ಮನೋವೈದ್ಯರು ಎಂ.ಬಿ.ಬಿ.ಎಸ್. ಓದಿದವರು, ಔಷಧಿ ಬರೆಯುತ್ತಾರೆ. ಮನಶ್ಶಾಸ್ತ್ರಜ್ಞರು ಔಷಧಿ ಬರೆಯುವುದಿಲ್ಲ, ಅವರ ಕೆಲಸ ಮಾತಿನಲ್ಲಿ ಮತ್ತು ಅಭ್ಯಾಸದಲ್ಲಿ. ಬಸ್ಸಿನ ಹೆದರಿಕೆಗೆ ಮದ್ದು ತರಲು ಬಸ್ಸು ಹತ್ತುವಂತಿಲ್ಲವಲ್ಲ, ಮೊದಮೊದಲು ನನ್ನ ಭಾವಮೈದುನ ಬೈಕಿನ ಹಿಂದೆ ಕೂರಿಸಿಕೊಂಡು ಹೋದ.

ನಾನು ಏನು ನಿರೀಕ್ಷಿಸಿದ್ದೆ? ಸಿನಿಮಾದಲ್ಲಿ ನೋಡಿದ ಹಾಗೆ ಮಂಚದ ಮೇಲೆ ಮಲಗಿಸುತ್ತಾರೆ, ಬಾಲ್ಯದ್ದೇನೋ ಕೆದಕುತ್ತಾರೆ, ನಾನು ಗೊಳೋ ಎಂದು ಅಳುತ್ತೇನೆ, ಭಯ ಇಳಿದುಹೋಗುತ್ತದೆ. ಇಲ್ಲವೇ ಬುದ್ಧಿ ಹೇಳುತ್ತಾರೆ. ಇದೊಂದೂ ಆಗಲಿಲ್ಲ. ಎರಡು ಪ್ಲಾಸ್ಟಿಕ್ ಕುರ್ಚಿ, ಒಂದು ಮೇಜು, ಗೋಡೆ ಗಡಿಯಾರ. ಮುಕ್ಕಾಲು ಗಂಟೆ ಬರೀ ಪ್ರಶ್ನೆ. ಏಳು ಪ್ರಶ್ನೆಗಳ ಒಂದು ಹಾಳೆ ತುಂಬಿಸಿದರು. 21ಕ್ಕೆ 16 ಬಂತು. ಪರೀಕ್ಷೆಯಲ್ಲಿ ನನಗೆ ಅಷ್ಟು ಬಂದದ್ದೇ ಇಲ್ಲ ಎಂದೆ. ಆಕೆ ನಕ್ಕರು. ಇಲ್ಲಿ ಆಡಿದ ಮಾತು ಹೊರಗೆ ಹೋಗುವುದಿಲ್ಲ, ನಿಮ್ಮ ಅಥವಾ ಬೇರೆಯವರ ಜೀವಕ್ಕೆ ಅಪಾಯವಿದ್ದರೆ ಮಾತ್ರ ಬೇರೆ, ಎಂದರು. ಚಿಕ್ಕ ಊರಿನಲ್ಲಿ ಈ ಒಂದು ಮಾತಿನ ಬೆಲೆ ಎಷ್ಟೆಂದು ಹೇಳಬೇಕಿಲ್ಲ. ‘ಭಯ ಪೂರ್ತಿ ಹೋಗುತ್ತಾ ಮೇಡಂ?’ ಎಂದು ಕೇಳಿದ್ದಕ್ಕೆ ‘ಅದನ್ನ ನಾನು ಹೇಳಲ್ಲ. ಭಯ ಇದ್ದಾಗಲೂ ನೀವು ಮೊಳಕಾಲ್ಮೂರಿಗೆ ಹೋಗಿ ಬರೋ ಹಾಗೆ ಮಾಡೋಣ’ ಎಂದರು. ನನಗೆ ನಿರಾಸೆಯಾಯಿತು. ಕೊಟ್ಟ ಆರು ನೂರು ರೂಪಾಯಿ ನೆನೆದು ಇನ್ನೂ ನಿರಾಸೆಯಾಯಿತು. ಎರಡನೆಯ ಭೇಟಿಯ ನಂತರ ಒಂದು ತಿಂಗಳು ಹೋಗಲೇ ಇಲ್ಲ. ಮುಂಚೆಯೇ ಯಾರಾದರೂ ‘ಹೀಗಿರುತ್ತದೆ’ ಎಂದು ಹೇಳಿದ್ದರೆ ಆ ತಿಂಗಳು ಉಳಿಯುತ್ತಿತ್ತು. ಇಷ್ಟೆಲ್ಲ ಬರೆಯುತ್ತಿರುವುದೂ ಅದಕ್ಕೇ.

ಮತ್ತೆ ಹೋದೆ. ಒಂದು ನೋಟುಬುಕ್ಕಿನಲ್ಲಿ ಗೆರೆ ಎಳೆಯಲು ಹೇಳಿದರು: ಏನಾಯಿತು, ಮನಸ್ಸಿಗೆ ಏನು ಬಂತು, ಅದಕ್ಕೆ ಆಧಾರವೇನು, ಕೊನೆಗೆ ನಿಜವಾಗಿ ಏನು ನಡೆಯಿತು. ನಾನು ಶೇಂಗಾ ಮಂಡಿಯಲ್ಲಿ ಲೆಕ್ಕ ಬರೆಯುವವನು. ಜಮಾ ಖರ್ಚಿನ ಗೆರೆ ನನಗೆ ಹೊಸದಲ್ಲ. ಮೊದಲ ವಾರ ಐದು ಪುಟ ತುಂಬಿಸಿಕೊಂಡು ಹೋದೆ. ಆಕೆ ಓದಿ, ‘ಚೆನ್ನಾಗಿ ಬರೀತೀರಿ. ಆದರೆ ಇದು ಕಥೆ ಸರ್. ನನಗೆ ಸಂಗತಿ ಬೇಕು. “ಎದೆಯಲ್ಲಿ ಸಿಡಿಲು ಹೊಡೆಯಿತು” ಅಂತ ಬರೆದಿದ್ದೀರಿ. ನಾಡಿ ಎಷ್ಟಿತ್ತು?’ ಎಂದರು. ಇಪ್ಪತ್ತು ವರ್ಷ ಯಾವ ಸಂಪಾದಕರೂ ನನಗೆ ಹೀಗೆ ಹೇಳಿರಲಿಲ್ಲ. ನಾಡಿ ಎಣಿಸಿದೆ, 112 ಇತ್ತು. ಎರಡನೆಯ ಮಹಡಿ ಹತ್ತಿದರೂ ಅಷ್ಟಾಗುತ್ತದೆ.

ಅದನ್ನೂ ಮಾಡಿಸಿದರು. ಎದೆ ಪರೀಕ್ಷೆಯ ಕಾಗದಗಳನ್ನೆಲ್ಲ ನೋಡಿ ಖಾತ್ರಿ ಮಾಡಿಕೊಂಡ ಮೇಲೆ, ಮೆಟ್ಟಿಲು ಹತ್ತಿಸಿ ಇಳಿಸಿದರು. ತಿರುಗುವ ಕುರ್ಚಿಯಲ್ಲಿ ಒಂದು ನಿಮಿಷ ಗಿರಗಿರ ತಿರುಗಿಸಿದರು. ಸಣ್ಣ ಸ್ಟ್ರಾದಲ್ಲಿ ಉಸಿರಾಡಿಸಿದರು. ನಲವತ್ತು ದಾಟಿದ, ಗಡ್ಡ ನರೆತ ಮನುಷ್ಯ ಕುರ್ಚಿಯಲ್ಲಿ ಬುಗುರಿಯಂತೆ ತಿರುಗುವುದನ್ನು ಊಹಿಸಿಕೊಳ್ಳಿ. ಬಸ್ಸಿನಲ್ಲಿ ಆಗುತ್ತಿದ್ದುದೇ ಅಲ್ಲಿಯೂ ಆಯಿತು: ಎದೆ ಬಡಿತ, ತಲೆ ಸುತ್ತು, ಜೋಮು. ಹತ್ತು ನಿಮಿಷದಲ್ಲಿ ಇಳಿಯಿತು. ಸಾಯಲಿಲ್ಲ. ಬಾಯಲ್ಲಿ ಹೇಳಿದ್ದರೆ ನಾನು ಇದನ್ನು ನಂಬುತ್ತಿರಲಿಲ್ಲ.

ಜುಮಾ ನಮಾಜಿಗೆ ಎಲ್ಲಿ ನಿಲ್ಲುತ್ತೀರಿ ಎಂದು ಒಂದು ದಿನ ಕೇಳಿದರು. ಆಕೆ ಮುಸ್ಲಿಮರಲ್ಲ, ಸುಮ್ಮನೆ ವಿಚಾರಿಸುತ್ತಿದ್ದಾರೆ ಅಂದುಕೊಂಡೆ. ಕೊನೆಯ ಸಫ್‌ನಲ್ಲಿ, ಬಾಗಿಲಿಗೆ ಹತ್ತಿರ, ಚಪ್ಪಲಿಗಳ ಪಕ್ಕ ಎಂದೆ. ‘ಯಾಕೆ?’ ಗಾಬರಿಯಾದರೆ ಹೊರಗೆ ಬರಲು. ಬಸ್ಸಿನಲ್ಲಾದರೆ ಬಾಗಿಲ ಹತ್ತಿರದ ಸೀಟು, ಕೈಯಲ್ಲಿ ನೀರಿನ ಬಾಟಲಿ, ಜೇಬಿನಲ್ಲಿ ಮಾತ್ರೆ. ‘ಬಾಟಲಿ ಇದ್ದದ್ದರಿಂದ ಉಳಿದೆ ಅಂತ ನಿಮ್ಮ ಮನಸ್ಸು ಲೆಕ್ಕ ಬರ್ಕೊಳ್ಳುತ್ತೆ. ಬಾಟಲಿ ಇಲ್ಲದೆಯೂ ಉಳೀತಿದ್ದಿರಿ ಅನ್ನೋದು ಅದಕ್ಕೆ ಗೊತ್ತಾಗೋದೇ ಇಲ್ಲ’ ಎಂದರು. ಮುಂದಿನ ಶುಕ್ರವಾರದಿಂದ ಒಂದೊಂದು ಸಫ್ ಮುಂದೆ ಹೋಗುವುದು ನನ್ನ ಮನೆಗೆಲಸವಾಯಿತು. ನಾಲ್ಕನೆಯ ವಾರ ಇಮಾಮರ ಬೆನ್ನ ಹಿಂದೆ ನಿಂತೆ. ಬೆವರಿನಿಂದ ಬನಿಯನ್ನು ಒದ್ದೆಯಾಗಿತ್ತು. ನಮ್ಮ ಬೀದಿಯ ಒಬ್ಬ ಹಿರಿಯರು ‘ಮಾಶಾಅಲ್ಲಾ, ಮುಂದೆ ಬರ್ತಿದ್ದೀಯ’ ಎಂದು ಬೆನ್ನು ತಟ್ಟಿದರು.

ಆಮೇಲೆ ಬಸ್ಸು. ಹೆದರಿಕೆಯನ್ನು ಮೆಟ್ಟಿಲುಗಳಾಗಿ ಒಡೆದು ಕಡಿಮೆಯದರಿಂದ ಹತ್ತುವುದು ಈ ಚಿಕಿತ್ಸೆಯ ಪದ್ಧತಿ. ನನಗೆ ಮೆಟ್ಟಿಲುಗಳನ್ನು ಹುಡುಕಬೇಕಾಗಿರಲಿಲ್ಲ, ರಸ್ತೆಯಲ್ಲೇ ಇದ್ದವು. ಮೊದಲು ನಿಂತ ಬಸ್ಸಿನಲ್ಲಿ ಹತ್ತು ನಿಮಿಷ ಕೂತು ಇಳಿಯುವುದು. ಆಮೇಲೆ ತಳಕು, ಬಿ.ಜಿ.ಕೆರೆ, ಹಾನಗಲ್, ಮೊಳಕಾಲ್ಮೂರು. ಪ್ರತಿ ಮೆಟ್ಟಿಲನ್ನೂ ಎದೆ ತಣ್ಣಗಾಗುವವರೆಗೆ ಮೂರ್ನಾಲ್ಕು ಸಲ. ಕಂಡಕ್ಟರರ ಮುಂದೆ ‘ತಳಕಿಗೊಂದು’ ಎಂದಾಗ ದನಿ ನಡುಗಿತು. ವೆಂಕಣ್ಣಯ್ಯನವರ, ತ.ರಾ.ಸು. ಅವರ ಮನೆತನದ ಊರಿಗೆ ನಾನು ಸಾಹಿತಿಯಾಗಿ ಹೋಗಬೇಕಿತ್ತು. ಟಿಕೆಟ್ ತಗೊಂಡು ಹೋಗಿ, ಬಸ್ ನಿಲ್ದಾಣದಲ್ಲಿ ಬೆವರು ಒರೆಸಿಕೊಂಡು, ಮುಂದಿನ ಬಸ್ಸಿಗೆ ವಾಪಸು ಬರುತ್ತಿದ್ದೆ. ಆ ವಾರಗಳಲ್ಲಿ ಹೆದರಿಕೆ ಮೊದಲಿಗಿಂತ ಹೆಚ್ಚಾಯಿತು, ನಿದ್ದೆ ಕೆಟ್ಟಿತು. ಹೀಗಾಗುತ್ತದೆ, ಇಲ್ಲೇ ಬಹಳ ಜನ ಬಿಟ್ಟುಬಿಡುತ್ತಾರೆ ಎಂದು ಆಕೆ ಮೊದಲೇ ಹೇಳಿದ್ದರಿಂದ ಬಿಡಲಿಲ್ಲ.

ಈ ಚಿಕಿತ್ಸೆಯ ಒಂದು ಮುಖ್ಯ ಕವಲನ್ನು ಅಮೆರಿಕದ ಆರನ್ ಬೆಕ್ 1960ರ ದಶಕದಲ್ಲಿ ರೂಪಿಸಿದರು. ನಮ್ಮವರಿಗೆ ಇದು ಪರಕೀಯ ಎನಿಸಿದರೆ ಅಬೂಝೈದ್ ಅಲ್ ಬಲ್ಖಿಯವರ ನೆನಪು ಮಾಡಿಕೊಳ್ಳಬಹುದು. ಇಂದಿನ ಅಫ್ಘಾನಿಸ್ತಾನದ ಬಲ್ಖ್ ಸೀಮೆಯವರು, 934ರಲ್ಲಿ ತೀರಿಕೊಂಡವರು. ದೇಹಕ್ಕೂ ಮನಸ್ಸಿಗೂ ಬೇಕಾದದ್ದನ್ನು ಕುರಿತ ತಮ್ಮ ಗ್ರಂಥದಲ್ಲಿ ಭಯ, ಕೋಪ, ದುಃಖ, ವಸ್‌ವಾಸ್‌ಗಳನ್ನು ಬೇರೆ ಬೇರೆಯಾಗಿ ವಿವರಿಸಿದ್ದಾರೆ. ಮನೆಯಲ್ಲಿ ಔಷಧಿ ಇಟ್ಟುಕೊಳ್ಳುವ ಹಾಗೆ, ನೆಮ್ಮದಿಯ ದಿನಗಳಲ್ಲೇ ಒಳ್ಳೆಯ ವಿಚಾರಗಳನ್ನು ಕೂಡಿಟ್ಟುಕೊಂಡು ಕಷ್ಟಕಾಲಕ್ಕೆ ಬಳಸಬೇಕು ಎನ್ನುವುದು ಅವರ ಸಲಹೆ. ಸುಡಾನಿನ ಮನಶ್ಶಾಸ್ತ್ರಜ್ಞ ಮಲಿಕ್ ಬದ್ರಿ ಆ ಭಾಗವನ್ನು 2013ರಲ್ಲಿ ಇಂಗ್ಲಿಷಿಗೆ ತಂದರು. ಸಾವಿರ ವರ್ಷದ ಹಿಂದೆ ನಮ್ಮಲ್ಲೇ ಎಲ್ಲ ಇತ್ತು ಎಂದು ಮೀಸೆ ತಿರುವುವುದಕ್ಕಲ್ಲ ಈ ಮಾತು. ಇದ್ದದ್ದು ನಿಜವಾದರೆ, ನನ್ನನ್ನು ಇಮಾನ್ ಕಮ್ಜೋರ್ ಎಂದವರಿಗೆ ಅದು ಯಾಕೆ ತಲುಪಲಿಲ್ಲ ಎಂಬುದು ನನ್ನ ಪ್ರಶ್ನೆ.

ಎಲ್ಲರಿಗೂ ಚಿತ್ರದುರ್ಗಕ್ಕೆ ಹೋಗಲು ಆಗುವುದಿಲ್ಲ, ಆರು ನೂರೂ ಇರುವುದಿಲ್ಲ. 2022ರ ಅಕ್ಟೋಬರಿನಿಂದ ಟೆಲಿ ಮಾನಸ್ ಎಂಬ ಸರ್ಕಾರಿ ಸೇವೆ ಇದೆ. 14416ಕ್ಕೆ ಫೋನು ಮಾಡಿದರೆ ಹಗಲು ರಾತ್ರಿ, ಕನ್ನಡದಲ್ಲೇ, ದುಡ್ಡಿಲ್ಲದೆ ಮಾತಾಡಬಹುದು. ಚಿಕಿತ್ಸಕರು ಹೊಂದಿಕೆಯಾಗದಿದ್ದರೆ ಬದಲಾಯಿಸುವುದೂ ತಪ್ಪಲ್ಲ. ದರ್ಜಿಯನ್ನು ಬದಲಾಯಿಸುವುದಿಲ್ಲವೇ.

ಐದು ತಿಂಗಳಲ್ಲಿ ಹದಿನಾಲ್ಕು ಭೇಟಿ ಆದವು. ಕೊನೆಯ ಸಲ ಅದೇ ಹಾಳೆಯಲ್ಲಿ ನನಗೆ 6 ಬಂತು. ಸೊನ್ನೆ ಬರಲಿಲ್ಲ. ಮರುವರ್ಷ ರಂಜಾನಿನಲ್ಲಿ, ತರಾವೀಹ್ ನಡುವೆ ಒಮ್ಮೆ ಮೊದಲಿನ ಹಾಗೇ ಆಯಿತು. ನಾಡಿ ಎಣಿಸದೆ ನಿಂತೆ, ರಕಾತ್ ಮುಗಿಯಿತು.

ಮೊಳಕಾಲ್ಮೂರು ಮುಟ್ಟಿದ್ದು 2023ರ ಅಕ್ಟೋಬರಿನಲ್ಲಿ. ಹಾನಗಲ್‌ನಲ್ಲಿ ಎದೆ ಜೋರಾಗಿಯೇ ಬಡಿಯಿತು, ಇಳಿಯಲಿಲ್ಲ. ಮೊದಲು ಖಬರಸ್ತಾನಕ್ಕೆ ಹೋಗಿ ಮಾಮುವಿನ ಮಣ್ಣಿನ ಹತ್ತಿರ ಫಾತಿಹಾ ಓದಿದೆ. ಎಂಟು ತಿಂಗಳ ಮಣ್ಣು, ಒಂದು ಕಡೆ ಕುಸಿದಿತ್ತು, ಕೈಯಿಂದ ಸರಿಮಾಡಿದೆ. ಆಮೇಲೆ ಮನೆಗೆ ಹೋಗಿ ಮುಮಾನಿಗೆ ಆ ದಿನ ನನಗೆ ಜ್ವರ ಇರಲಿಲ್ಲ ಎಂದು ಹೇಳಿದೆ. ‘ಗೊತ್ತು’ ಎಂದರು. ಅವರ ತಂಗಿಗೂ ಹೀಗೆಯೇ ಇತ್ತಂತೆ, ಬಾವಿಗೆ ನೀರಿಗೆ ಹೋಗಲೂ ಹೆದರುತ್ತಿದ್ದಳಂತೆ, ಯಾರಿಗೂ ಹೇಳಿರಲಿಲ್ಲವಂತೆ. ಚಹಾ ತಂದಿಟ್ಟು ಆ ತಂಗಿಯ ವಿಷಯ ಬಹಳ ಹೊತ್ತು ಹೇಳಿದರು.

ವಾಪಸು ಬರುವಾಗ ಬಸ್ಸು ತುಂಬಿತ್ತು. ಬಿ.ಜಿ.ಕೆರೆಯವರೆಗೆ ನಿಂತುಕೊಂಡೇ ಬಂದೆ.