ಅಲಾಸ್ಕಾಗೆ ಆರ್‌ವಿ ಹುಡುಕಿದ ಕಥೆ: ಹಾಸಿಗೆಯಿಂದ ನಾಲ್ಕು ಹೆಜ್ಜೆ

ಆರ್‌ವಿ ಬಾಡಿಗೆಗೆ ತಗೊಂಡು ಅಲಾಸ್ಕಾವರೆಗೆ ಹೋಗಿಬರೋಣ ಅಂತ ತೀರ್ಮಾನ ಆದ ದಿನವೇ ನನ್ನ ಗಂಡ ಎಕ್ಸೆಲ್ ಶೀಟ್ ತೆರೆದ. ನಾನು ಯೂಟ್ಯೂಬ್ ತೆರೆದೆ. ಮಕ್ಕಳು ಕರಡಿ ಎಷ್ಟು ಸಿಗುತ್ತೆ ಅಂತ ಲೆಕ್ಕ ಹಾಕೋಕೆ ಶುರು ಮಾಡಿದರು. ಹಾಸನದಿಂದ ವಿಡಿಯೋ ಕಾಲ್‌ನಲ್ಲಿದ್ದ ಅಪ್ಪ ಮಾತ್ರ, "ನಾವು ಸಿಯಾಟಲ್‌ಗೆ ಬರ್ತೀವಿ. ಅಲಾಸ್ಕಾಗೆ ನೀವು ಹೋಗಿಬನ್ನಿ, ನಾನು ಮನೆ ನೋಡ್ಕೋತೀನಿ" ಅಂದರು.

ನನಗೆ ಆಶ್ಚರ್ಯ ಆಯ್ತು. ಅಪ್ಪ 34 ವರ್ಷ ಬಸ್ ಓಡಿಸಿದವರು. ಶಿರಾಡಿ ಘಾಟಿಯ ತಿರುವುಗಳನ್ನು ಕಣ್ಣು ಮುಚ್ಚಿ ಹೇಳುವವರು. ರಸ್ತೆ ಅಂದರೆ ಜೀವ. ಅಂಥವರು ಜಗತ್ತಿನ ಚೆಂದದ ದಾರಿಗಳಲ್ಲಿ ಒಂದಕ್ಕೆ ಬೇಡ ಅನ್ನೋದಾ?

ಮಾರನೇ ದಿನ ಅಮ್ಮ ಒಬ್ಬರೇ ಫೋನ್ ಮಾಡಿದರು. ದನಿ ತಗ್ಗಿಸಿ ವಿಷಯ ಹೇಳಿದರು. ಪ್ರಾಸ್ಟೇಟ್ ತೊಂದರೆ. ಡಾಕ್ಟರ್ ನೋಡಿದ್ದಾರೆ, ಮಾತ್ರೆ ನಡೀತಿದೆ, ಹೆದರೋ ಅಂಥದ್ದೇನಿಲ್ಲ. ಆದರೆ ಗಂಟೆ, ಒಂದೂವರೆ ಗಂಟೆಗೊಮ್ಮೆ ಹೋಗಲೇಬೇಕು. ರಾತ್ರಿ ಮೂರು ಸಲ ಏಳಬೇಕು. ಎರಡು ವರ್ಷದಿಂದ ದೂರದೂರಿನ ಮದುವೆಗಳಿಗೆ ಏನೋ ಒಂದು ನೆಪ ಹೇಳಿ ತಪ್ಪಿಸಿಕೊಳ್ತಿದ್ದಾರೆ. "ಹೋಗಲೇಬೇಕಾದ್ರೆ ಬೆಳಗ್ಗೆಯಿಂದ ಒಂದು ತೊಟ್ಟು ನೀರು ಕುಡಿಯಲ್ಲ ಕಣೆ" ಅಂದರು ಅಮ್ಮ.

ಸಾವಿರಾರು ಪ್ರಯಾಣಿಕರಿಗೆ ಬಸ್ ನಿಲ್ಲಿಸಿಕೊಟ್ಟ ಮನುಷ್ಯನಿಗೆ, "ಸ್ವಲ್ಪ ನಿಲ್ಲಿಸಿ" ಅಂತ ಕೇಳೋಕೆ ಮುಜುಗರ.

ಅವತ್ತು ಎಕ್ಸೆಲ್ ಶೀಟ್ ಮುಚ್ಚಿಟ್ಟೆವು. ಯಾವ ಗಾಡಿ ಅಗ್ಗ ಅನ್ನೋದು ಆಮೇಲೆ. ಅಪ್ಪ ಯಾರನ್ನೂ ಕೇಳದೆ ಪ್ರಯಾಣ ಮಾಡೋಕೆ ಯಾವ ಗಾಡಿ ಆಗುತ್ತೆ ಅನ್ನೋದು ಮೊದಲ ಪ್ರಶ್ನೆ ಆಯ್ತು.

ಮೂರು ಬಗೆ, ಒಂದು ಆಯ್ಕೆ

ನೀವೂ ಇಂಥ ಪ್ಲಾನ್ ಮಾಡ್ತಿದ್ದರೆ ಗೊತ್ತಿರಲಿ, ಆಯ್ಕೆಗಳು ಮುಖ್ಯವಾಗಿ ಮೂರು.

ಮೊದಲನೆಯದು, ಕಾರು ಅಥವಾ ಪಿಕಪ್ ಹಿಂದೆ ಎಳೆಯುವ ಟ್ರಾವೆಲ್ ಟ್ರೈಲರ್. ಕ್ಯಾಂಪ್ ತಲುಪಿದ ಮೇಲೆ ಟ್ರೈಲರ್ ಬಿಚ್ಚಿಟ್ಟು ಕಾರಲ್ಲಿ ಸುತ್ತಾಡಬಹುದು, ಒಳಗೆ ಜಾಗವೂ ಧಾರಾಳ. ಆದರೆ ಓಡುವಾಗ ಟ್ರೈಲರ್ ಒಳಗೆ ಯಾರೂ ಕೂರುವಂತಿಲ್ಲ. ನಮ್ಮ ವಾಷಿಂಗ್ಟನ್ ರಾಜ್ಯದಲ್ಲೂ ಇಲ್ಲ, ಗಡಿ ದಾಟಿದ ಮೇಲೆ ಬ್ರಿಟಿಷ್ ಕೊಲಂಬಿಯಾದಲ್ಲೂ ಇಲ್ಲ. ಅಂದರೆ ಪ್ರತಿ ಸಲ ಅಪ್ಪ ಕಾರಿಂದ ಇಳಿದು, ಮಳೆಯಲ್ಲಿ ಹಿಂದಕ್ಕೆ ನಡೆದು, ಮೆಟ್ಟಿಲು ಹತ್ತಬೇಕು. ಜೊತೆಗೆ ಟ್ರೈಲರ್ ಎಳೆದು ನಮಗಿಬ್ಬರಿಗೂ ಅಭ್ಯಾಸ ಇಲ್ಲ.

ಎರಡನೆಯದು, ಕ್ಯಾಂಪರ್ ವ್ಯಾನ್. ಓಡಿಸೋಕೆ ಸುಲಭ, ಪೆಟ್ರೋಲ್ ಕಡಿಮೆ, ಇನ್‌ಸ್ಟಾಗ್ರಾಂನಲ್ಲಿ ಸಕ್ಕತ್ತಾಗಿ ಕಾಣುತ್ತೆ. ಗಂಡ ಹೆಂಡತಿ ಇಬ್ಬರೇ ಆದರೆ ಅದೇ ಬೆಸ್ಟ್. ನಾವು ಆರು ಜನ. ಆಗದ ಮಾತು.

ಮೂರನೆಯದು ಕ್ಲಾಸ್ ಸಿ ಮೋಟರ್‌ಹೋಮ್. ಟ್ರಕ್ ಮುಖ, ಡ್ರೈವರ್ ತಲೆ ಮೇಲೆ ಅಟ್ಟದಂಥ ಹಾಸಿಗೆ, ಹಿಂದೆ ಅಡುಗೆ ಕಟ್ಟೆ, ಶವರ್, ಟಾಯ್ಲೆಟ್. ಮಾಮೂಲಿ ಡ್ರೈವಿಂಗ್ ಲೈಸೆನ್ಸ್ ಸಾಕು. ಎಲ್ಲರೂ ಒಂದೇ ಗಾಡಿಯಲ್ಲಿ ಬೆಲ್ಟ್ ಹಾಕಿ ಕೂರಬಹುದು. ಓಡುವಾಗ ಎದ್ದು ಓಡಾಡುವುದು ಇಲ್ಲೂ ಅಪಾಯವೇ. ಆದರೆ ರಸ್ತೆ ಬದಿ ಸುರಕ್ಷಿತ ಜಾಗದಲ್ಲಿ ಎರಡು ನಿಮಿಷ ನಿಲ್ಲಿಸಿದರೆ ಸಾಕು, ಪೆಟ್ರೋಲ್ ಬಂಕ್ ಹುಡುಕಬೇಕಾಗಿಲ್ಲ.

ಇಷ್ಟಕ್ಕೆ ಮುಗೀತು ಅಂದುಕೊಂಡೆವು. ಅಸಲಿ ಕೆಲಸ ಆಗ ಶುರುವಾಯ್ತು.

ಬ್ರೋಷರ್ ಹೇಳದ ವಿಷಯ

ಎಲ್ಲಾ ಬ್ರೋಷರ್‌ಗಳಲ್ಲೂ "ಆರು ಜನ ಮಲಗಬಹುದು" ಅಂತ ಬರೆದಿರುತ್ತೆ. ಮಲಗಿದವರು ರಾತ್ರಿ ಏಳಬೇಕಾದರೆ ಏನು ಕಥೆ ಅಂತ ಬರೆದಿರಲ್ಲ.

ಅಪ್ಪ ಅಮ್ಮ ಬಂದ ಎರಡನೇ ಶನಿವಾರ ಎಲ್ಲರನ್ನೂ ಬಾಡಿಗೆ ಯಾರ್ಡ್‌ಗೆ ಕರ್ಕೊಂಡು ಹೋದೆ. ಅಪ್ಪನಿಗೆ "ಸುಮ್ಮನೆ ಗಾಡಿ ನೋಡೋಣ ಬನ್ನಿ" ಅಂದಿದ್ದೆ. ಗಾಡಿ ನೋಡೋಕೆ ಅಂದರೆ ಅವರು ಇಲ್ಲ ಅನ್ನಲ್ಲ.

ಮೊದಲ ಗಾಡಿಯಲ್ಲಿ ಹಿಂದಿನ ಹಾಸಿಗೆ ಮೂಲೆಗೆ ಅಂಟಿಕೊಂಡಿತ್ತು. ಗೋಡೆ ಕಡೆ ಮಲಗಿದವರು ಇನ್ನೊಬ್ಬರನ್ನು ದಾಟಿಯೇ ಇಳಿಯಬೇಕು. ಅಮ್ಮ ಅಲ್ಲೇ ಮಲಗಿ ನೋಡಿ, "ಇವರು ನನ್ನ ಕಾಲು ತುಳೀತಾರೆ" ಅಂದರು. ಹೊರಗಿನ ಕಡೆ ಅಪ್ಪ ಮಲಗಿದರಾಯ್ತಲ್ಲ ಅಂದರೆ, ಅಮ್ಮನಿಗೂ ರಾತ್ರಿ ಒಮ್ಮೆ ಏಳಬೇಕು. ಇಬ್ಬರೂ ಎಪ್ಪತ್ತರ ಆಚೆ ಈಚೆಯವರು. ಬೇಡ.

ಎರಡನೇ ಗಾಡಿ ದೊಡ್ಡದು, ಸ್ಲೈಡ್‌ಔಟ್ ಇತ್ತು. ಅಂದರೆ ಗಾಡಿ ನಿಂತಾಗ ಗೋಡೆಯ ಒಂದು ಭಾಗ ಹೊರಗೆ ಚಾಚಿಕೊಂಡು ಒಳಗೆ ಜಾಗ ಹೆಚ್ಚಾಗುತ್ತೆ. ನನಗೆ ನೋಡಿದ ತಕ್ಷಣ ಇಷ್ಟ ಆಯ್ತು. ಅಪ್ಪ ಒಂದು ಸುತ್ತು ಬಂದು, "ಇದನ್ನ ಒಳಗೆ ಎಳಿ ನೋಡೋಣ" ಅಂದರು. ಎಳೆದೆವು. ಹಾಸಿಗೆ ಕಡೆಯ ದಾರಿ ಮುಚ್ಚಿಹೋಯ್ತು, ಟಾಯ್ಲೆಟ್ ಬಾಗಿಲು ಅರ್ಧ ತೆರೆಯಿತು ಅಷ್ಟೇ! ರಸ್ತೆ ಪಕ್ಕ ನಿಲ್ಲಿಸಿದಾಗ ಸ್ಲೈಡ್ ಚಾಚೋಕೆ ಜಾಗ ಎಲ್ಲಿರುತ್ತೆ? ಎಲ್ಲಾ ಗಾಡಿಗಳೂ ಹೀಗಿರಲ್ಲ. ಆದರೆ ಸ್ಲೈಡ್ ಒಳಗಿದ್ದಾಗ ಟಾಯ್ಲೆಟ್, ಫ್ರಿಜ್, ಹಾಸಿಗೆ ಮೂರೂ ಕೈಗೆ ಸಿಗುತ್ತಾ ಅಂತ ನೋಡದೆ ಯಾವ ಗಾಡಿಗೂ ಅಡ್ವಾನ್ಸ್ ಕೊಡಬೇಡಿ.

ಮೂರನೆಯದು 25 ಅಡಿಯ, ಸ್ಲೈಡ್ ಇಲ್ಲದ ಸಾದಾ ಗಾಡಿ. ಹಾಸಿಗೆಯ ಎರಡೂ ಬದಿ ಇಳಿಯೋಕೆ ಜಾಗ. ಅಪ್ಪ ಒಳಗೆ ಹೋದರು. ಹಾಸಿಗೆ ಮೇಲೆ ಕೂತರು, ಎದ್ದರು, ನಡೆದರು. ಯಾರೂ ಮಾತಾಡಲಿಲ್ಲ. ನಾನು ಅಡುಗೆ ಕಟ್ಟೆಯ ಒಲೆ ನೋಡುವ ಹಾಗೆ ನಿಂತಿದ್ದೆ.

"ನಾಲ್ಕು ಹೆಜ್ಜೆ" ಅಂದರು ಅಪ್ಪ, ತಮಗೆ ತಾವೇ.

ಆಮೇಲೆ ಹೊರಗೆ ಬಂದು ಹಿಂದಿನ ಚಕ್ರದಿಂದ ಬಂಪರ್‌ವರೆಗೆ ಹೆಜ್ಜೆ ಹಾಕಿ ಅಳೆದರು. "ಹಿಂದೆ ತುಂಬಾ ಚಾಚಿದೆ. ಬಲಕ್ಕೆ ತಿರುಗಿಸಿದರೆ ಹಿಂಭಾಗ ಎಡಕ್ಕೆ ಬೀಸುತ್ತೆ. ಪೆಟ್ರೋಲ್ ಬಂಕ್ ಕಂಬದ ಹತ್ತಿರ ಹುಷಾರು" ಅಂತ ಅಳಿಯನಿಗೆ ಪಾಠ ಶುರು ಮಾಡಿದರು. ಬರ್ತೀನಿ ಅಂತ ಅವರು ಬಾಯಿಬಿಟ್ಟು ಹೇಳಲೇ ಇಲ್ಲ. ಆ ಪಾಠವೇ ಉತ್ತರ.

ಬುಕ್ ಮಾಡೋ ಮುಂಚೆ ಕೇಳಬೇಕಾದ್ದು

ಗಾಡಿ ಕೆನಡಾಗೆ ಹೋಗಬಹುದಾ, ಅಲಾಸ್ಕಾಗೆ ಹೋಗಬಹುದಾ, ಅಲ್ಲಿ ವಿಮೆ ನಡೆಯುತ್ತಾ ಅಂತ ಬರವಣಿಗೆಯಲ್ಲಿ ತಗೊಳ್ಳಿ. ಜಲ್ಲಿ ರಸ್ತೆಗಳಿಗೆ ಎಷ್ಟೋ ಕಂಪನಿಗಳು ಬಿಡುವುದಿಲ್ಲ.

ಸಿಯಾಟಲ್‌ನಿಂದ ಆಂಕರೇಜ್‌ಗೆ ಸುಮಾರು 2,250 ಮೈಲಿ, ಅಂದರೆ 3,600 ಕಿಲೋಮೀಟರ್ ಮೇಲೆ. ಹೋಗಿ ಬಂದು ಸುತ್ತಾಟ ಸೇರಿಸಿ 5,000 ಮೈಲಿ ಅಂತ ಇಟ್ಟುಕೊಂಡೆವು. ಗ್ಯಾಲನ್‌ಗೆ 9 ಮೈಲಿ ಲೆಕ್ಕ ಹಾಕಿದರೆ 555 ಗ್ಯಾಲನ್, ಹತ್ತಿರ ಹತ್ತಿರ 2,100 ಲೀಟರ್ ಪೆಟ್ರೋಲ್! ದಿನದ ಬಾಡಿಗೆ ನೋಡಿ ಖುಷಿಪಡುವ ಮುಂಚೆ ಪೆಟ್ರೋಲ್ ಮತ್ತು ಮೈಲಿಗಿಷ್ಟು ಅನ್ನೋ ಚಾರ್ಜ್ ಸೇರಿಸಿ ನೋಡಿ.

ನೀರಿನ ತೂಕ ಮರೀಬೇಡಿ. 40 ಗ್ಯಾಲನ್ ಟ್ಯಾಂಕ್ ತುಂಬಿದರೆ 150 ಕಿಲೋ. ಗಾಡಿ ಎಷ್ಟು ಭಾರ ಹೊರಬಹುದು ಅನ್ನೋ ಸ್ಟಿಕರ್ ಒಳಗೆ ಅಂಟಿಸಿರುತ್ತಾರೆ. ಅಮ್ಮ ತಂದ ಸಾಂಬಾರ್ ಪುಡಿ, ರಾಗಿ ಹಿಟ್ಟು, ಎರಡು ಕುಕ್ಕರ್ ಎಲ್ಲಾ ಅದರೊಳಗೇ ಬರಬೇಕು.

ಮಕ್ಕಳ ಸೀಟು ಮುಂದಕ್ಕೆ ಮುಖ ಮಾಡಿದ, ಬೆಲ್ಟ್ ಇರುವ ಜಾಗದಲ್ಲೇ ಇರಬೇಕು. ಪಕ್ಕಕ್ಕೆ ಮುಖ ಮಾಡಿದ ಸೋಫಾ ಆಗಲ್ಲ. ಅಮೆರಿಕ ವೀಸಾ ಇದ್ದರೂ ಭಾರತದಿಂದ ಬಂದ ಅಪ್ಪ ಅಮ್ಮನಿಗೆ ಕೆನಡಾ ವೀಸಾ ಬೇರೆ ಬೇಕು, ತಿಂಗಳುಗಟ್ಟಲೆ ಮೊದಲೇ ಅರ್ಜಿ ಹಾಕಿ. ಹೋಗಿ ಬರುವಷ್ಟರಲ್ಲಿ ನಾಲ್ಕು ಸಲ ಗಡಿ ದಾಟುತ್ತೀರಿ.

ಹೋಲ್ಡಾನ್, ರೈಟ್ ರೈಟ್

ಜೂನ್ ಎರಡನೇ ವಾರ ಹೊರಟೆವು. ಅಪ್ಪನ ಪಕ್ಕ ಒಂದು ಲೀಟರ್ ನೀರಿನ ಬಾಟಲಿ ಇಟ್ಟೆ. ಫ್ರೇಸರ್ ಕಣಿವೆ ದಾಟಿ ಕ್ಯಾಶ್ ಕ್ರೀಕ್ ತಲುಪಿದರೂ ಬಾಟಲಿ ತುಂಬಿಯೇ ಇತ್ತು. ಗಾಡಿ ಸರಿ ಇದ್ದರೆ ಸಾಲದು ಅಂತ ಆಗ ಗೊತ್ತಾಯ್ತು. ನಿಲ್ಲಿಸಿ ಅಂತ ಯಾರಾದರೂ ಹೇಳಬೇಕಲ್ಲ.

ಒಂಬತ್ತು ವರ್ಷದ ಮಗಳಿಗೆ ಕಂಡಕ್ಟರ್ ಕೆಲಸ ಕೊಟ್ಟೆ. ಒಂದೂವರೆ ಗಂಟೆಗೊಮ್ಮೆ ಸೀಟಿ ಊದಬೇಕು, ಎಲ್ಲರಿಗೂ ಸ್ಟಾಪ್. ಯಾಕೆ ಅಂತ ಅವಳಿಗೆ ಹೇಳಲಿಲ್ಲ. ಅಪ್ಪ ಅವಳಿಗೆ "ಹೋಲ್ಡಾನ್" ಅನ್ನೋದು, "ರೈಟ್ ರೈಟ್" ಅನ್ನೋದು ಹೇಳಿಕೊಟ್ಟರು. ಗಾಡಿ ನಿಂತರೆ ಮೊದಲು ಅಮ್ಮ ಟಾಯ್ಲೆಟ್‌ಗೆ ಹೋಗೋರು, ಆಮೇಲೆ ನಾನು, ಆಮೇಲೆ ಅಪ್ಪ. ಇದು ಮನೆಯವರೆಲ್ಲರ ನಿಯಮ ಆಯ್ತು, ಅಪ್ಪನೊಬ್ಬರ ಕಷ್ಟ ಅಲ್ಲ.

ಆರು ಜನರ ಟಾಯ್ಲೆಟ್ ಟ್ಯಾಂಕ್ ಮೂರು ದಿನಕ್ಕೆ ತುಂಬುತ್ತಿತ್ತು. ಅದನ್ನು ಡಂಪ್ ಸ್ಟೇಷನ್‌ನಲ್ಲಿ ಖಾಲಿ ಮಾಡೋದು ನನ್ನ ಗಂಡನ ಪಾಲಿಗೆ ಬಂತು. ಗ್ಲೌಸ್ ಹಾಕಿಕೊಂಡು, ಮೊದಲು ಟಾಯ್ಲೆಟ್ ಟ್ಯಾಂಕ್, ಆಮೇಲೆ ಸಿಂಕಿನ ನೀರು, ಪೈಪ್ ತೊಳೆಯೋಕೆ ಅನುಕೂಲ. ಮೊದಲ ಸಲ ಪೈಪ್ ಸರಿಯಾಗಿ ಸಿಕ್ಕಿಸಿರಲಿಲ್ಲ. ಅದರ ವಿವರ ಬೇಡ ಬಿಡಿ.

ಡಾಸನ್ ಕ್ರೀಕ್‌ನಲ್ಲಿ ಅಲಾಸ್ಕಾ ಹೈವೇ ಶುರು. ಎರಡನೇ ಮಹಾಯುದ್ಧದ ನಡುವೆ, ಪರ್ಲ್ ಹಾರ್ಬರ್ ದಾಳಿಯ ನಂತರ, ಅಮೆರಿಕದ ಸೈನಿಕರು 1942ರಲ್ಲಿ ಕೆಲವೇ ತಿಂಗಳಲ್ಲಿ ಕಾಡು ಕಡಿದು ಮಾಡಿದ ರಸ್ತೆ ಇದು. ಅವರಲ್ಲಿ ಸುಮಾರು ಮೂರನೇ ಒಂದು ಭಾಗ ಕಪ್ಪು ವರ್ಣೀಯ ಸೈನಿಕರು. ಜನಸಾಮಾನ್ಯರಿಗೆ ತೆರೆದದ್ದು 1948ರಲ್ಲಿ. ಅಪ್ಪ ಇದನ್ನೆಲ್ಲ ಕೇಳಿ, "ಜೌಗಲ್ಲಿ ಹೆಂಗೆ ರಸ್ತೆ ಮಾಡಿದ್ರು?" ಅಂತ ಎರಡು ದಿನ ಅದೇ ಯೋಚನೆ ಮಾಡಿದರು.

ಫೋರ್ಟ್ ನೆಲ್ಸನ್‌ನಿಂದ ವಾಟ್ಸನ್ ಲೇಕ್‌ವರೆಗೆ 500 ಕಿಲೋಮೀಟರ್‌ಗಿಂತ ಹೆಚ್ಚು. ಬಂಕ್‌ಗಳು ಅಪರೂಪ, ಎಷ್ಟೋ ದೂರ ಮೊಬೈಲ್ ಸಿಗ್ನಲ್ ಇಲ್ಲ. ಟ್ಯಾಂಕ್ ಅರ್ಧಕ್ಕೆ ಬಂದರೆ ಸಿಕ್ಕಲ್ಲಿ ತುಂಬಿಸಿ, ಮ್ಯಾಪ್ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಇಳಿಜಾರಲ್ಲಿ ಅಪ್ಪನ ಸೂತ್ರ, "ಯಾವ ಗೇರಲ್ಲಿ ಹತ್ತಿದ್ಯೋ ಅದೇ ಗೇರಲ್ಲಿ ಇಳಿ. ಬ್ರೇಕ್ ಮೇಲೆ ಕಾಲಿಟ್ಕೊಂಡು ಕೂರಬೇಡ." ಹಸಿರು ನೀಲಿ ಬಣ್ಣದ ಮಂಚೊ ಲೇಕ್ ದಡದಲ್ಲಿ ಚಿತ್ರಾನ್ನ ತಿಂದೆವು. ರಸ್ತೆ ಪಕ್ಕ ಕಾಡುಕೋಣದಂಥ ಬೈಸನ್ ಮಂದೆ. ಲಿಯಾರ್ಡ್ ಬಿಸಿನೀರಿನ ಬುಗ್ಗೆಯಲ್ಲಿ ಅಪ್ಪ ಅಮ್ಮ ಕಾಲು ಇಳಿಬಿಟ್ಟು ಅರ್ಧ ಗಂಟೆ ಕೂತರು.

ಅವತ್ತು ಸಂಜೆ ಪಾತ್ರೆ ತೊಳೆಯುವಾಗ ನೋಡಿದೆ, ನೀರಿನ ಬಾಟಲಿ ಖಾಲಿ. "ಇದನ್ನ ತುಂಬಿಸಮ್ಮ" ಅಂದರು ಅಪ್ಪ, ಏನೂ ಆಗಿಲ್ಲ ಅನ್ನೋ ಹಾಗೆ.

ಯೂಕಾನ್‌ನಲ್ಲಿ ಡಿಸ್ಟ್ರಕ್ಷನ್ ಬೇ ದಾಟಿದ ಮೇಲೆ ರಸ್ತೆ ಸಮುದ್ರದ ಅಲೆ ಥರ. ನೆಲದಡಿಯ ಹಿಮ ಕರಗಿ, ಮತ್ತೆ ಹೆಪ್ಪುಗಟ್ಟಿ ಡಾಂಬರು ಉಬ್ಬಿ ಕುಸಿದಿರುತ್ತೆ. ಒಂದು ಉಬ್ಬಿಗೆ ಗಾಡಿ ಹಾರಿ, ಕಪಾಟು ತೆರೆದುಕೊಂಡು ಸಾಂಬಾರ್ ಪುಡಿ ನೆಲವೆಲ್ಲ. ಆಮೇಲೆ ಎಲ್ಲಾ ಕಪಾಟಿಗೂ ರಬ್ಬರ್ ಬ್ಯಾಂಡ್ ಬಿಗಿದೆವು. ಅಲಾಸ್ಕಾದವರೆಗೂ ಗಾಡಿ ಒಗ್ಗರಣೆ ವಾಸನೆ ಹೊಡೀತಿತ್ತು. ಡೆನಾಲಿ ಶಿಖರ ನಮಗೆ ಕಂಡಿದ್ದು ಒಂದು ಬೆಳಗ್ಗೆ, ಹತ್ತು ನಿಮಿಷ ಅಷ್ಟೇ. 6,190 ಮೀಟರ್ ಎತ್ತರದ ಬಿಳಿ ಬೆಟ್ಟ, ಮತ್ತೆ ಮೋಡ.

ಒಂದು ರಾತ್ರಿ ನನಗೆ ಎಚ್ಚರ ಆಯ್ತು. ಎರಡು ಗಂಟೆ ಇರಬೇಕು, ಹೊರಗೆ ಇನ್ನೂ ಸಂಜೆಯ ಹಾಗೆ ಬೆಳಕು. ಅಪ್ಪ ಮೆಲ್ಲಗೆ ಎದ್ದು ನಾಲ್ಕು ಹೆಜ್ಜೆ ಹೋದರು. ಫ್ಲಶ್ ಒತ್ತಿದರೆ ನೀರಿನ ಪಂಪ್ ಗುರ್ ಅನ್ನುತ್ತೆ ಅಂತ, ಅಮ್ಮನ ಚೊಂಬಲ್ಲಿ ನೀರು ತುಂಬಿಟ್ಟುಕೊಂಡಿದ್ದರು. ಶಬ್ದವೇ ಇಲ್ಲ. ವಾಪಸ್ ಬಂದು ಕಿಟಕಿ ಪರದೆ ಸರಿಸಿ ಸ್ವಲ್ಪ ಹೊತ್ತು ಹೊರಗೆ ನೋಡಿದರು. ನಾನು ನಿದ್ದೆ ಬಂದ ಹಾಗೆ ಇದ್ದೆ.

ಹಿರಿಯರನ್ನು ಕರ್ಕೊಂಡು ದೂರ ಹೋಗೋ ಪ್ಲಾನ್ ಇದ್ದರೆ ನನ್ನದೊಂದೇ ಮಾತು. ಬಜೆಟ್, ಮೈಲೇಜ್, ಫೋಟೋ ಎಲ್ಲಾ ನೋಡಿ. ಅದಕ್ಕೂ ಮೊದಲು, ಅವರು ಯಾಕೆ "ನೀವು ಹೋಗಿಬನ್ನಿ" ಅಂತಿದ್ದಾರೆ ಅಂತ ವಿಚಾರಿಸಿ. ಅವರು ಹೇಳಲ್ಲ. ಪಕ್ಕದಲ್ಲಿರೋರನ್ನು ಕೇಳಿ.

ಅವರು ಹಾಸನಕ್ಕೆ ವಾಪಸ್ ಹೋಗಿ ಈಗ ಮೂರು ತಿಂಗಳು. ಮೊನ್ನೆ ಅಪ್ಪನೇ ಫೋನ್ ಮಾಡಿದ್ದರು. ಕಾಶಿಗೆ ರೈಲಲ್ಲಿ ಹೋಗೋ ಯೋಚನೆಯಂತೆ. "ಟಾಯ್ಲೆಟ್ ಹತ್ತಿರದ ಲೋವರ್ ಬರ್ತ್ ಸಿಗುತ್ತಾ ನೋಡು. ನನಗೆ ಪದೇ ಪದೇ ಏಳಬೇಕಾಗುತ್ತೆ" ಅಂದರು. ನೇರವಾಗಿ, ಹಾಗೇ ಅಂದರು.